ಒಲ್ಲೆ ಅನ್ನಲಿಕ್ಕೂ ಜಾಗ ಇರಲಿ

ಧಾರವಾಡದಲ್ಲಿ ಸಂಶೋಧನೆಗೆ ಬರ ಇಲ್ಲ. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಐಐಟಿ, ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಎಲ್ಲ ಒಂದೇ ಊರಿನಲ್ಲಿವೆ. ಸತ್ತೂರಿನಲ್ಲೊಂದು, ಹುಬ್ಬಳ್ಳಿಯಲ್ಲೊಂದು ದೊಡ್ಡ ವೈದ್ಯಕೀಯ ಕಾಲೇಜು. ಪಕ್ಕದ ಗದಗಿಗೆ ಹೋದರೆ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ. ಇಷ್ಟೂ ಕಡೆ ಪ್ರಾಜೆಕ್ಟ್ ಮಾಡುವವರಿಗೆ, ಪಿಎಚ್‌.ಡಿ. ಮಾಡುವವರಿಗೆ ಒಂದೇ ಚಿಂತೆ. ಜನ ಬೇಕು. ಪ್ರಶ್ನೆಗೆ ಉತ್ತರ ಹೇಳುವವರು ಬೇಕು, ರಕ್ತ ಕೊಡುವವರು ಬೇಕು, ತೂಕ ಎತ್ತರ ಅಳೆಸಿಕೊಳ್ಳುವವರು ಬೇಕು. ಅದೂ ತಾವಾಗಿಯೇ ಮನಸ್ಸಿನಿಂದ ಬರಬೇಕು.

ಈ ಕೊನೆಯ ಮಾತು ಕಾಗದದಲ್ಲಿ ಎಲ್ಲರೂ ಬರೆಯುತ್ತಾರೆ. ನಿಜವಾಗಿ ಎಷ್ಟು ಕಡೆ ಹಾಗೆ ನಡೆಯುತ್ತದೆ ಅನ್ನುವುದರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ನನ್ನ ಕೆಲಸ ಮನೆಮನೆಗೆ ಹೋಗಿ ಮಾಹಿತಿ ತರುವುದು. ಕಾಗದದಲ್ಲಿ ಫೀಲ್ಡ್ ಇನ್ವೆಸ್ಟಿಗೇಟರ್, ಊರಲ್ಲಿ 'ಸರ್ವೇ ಅಕ್ಕಾರು'. ಬೇರೆ ಬೇರೆ ವಿಭಾಗಗಳ ಅಧ್ಯಯನಗಳಿಗೆ ದುಡಿದಿದ್ದೇನೆ. ಕಲಘಟಗಿ, ನವಲಗುಂದ, ಅಣ್ಣಿಗೇರಿ, ಶಿರಹಟ್ಟಿ, ಸವಣೂರು ಕಡೆ ಎಷ್ಟೋ ಮನೆಗಳ ಕಟ್ಟೆ ಮೇಲೆ ಕೂತಿದ್ದೇನೆ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಕಟ್ಟೆ ಮೇಲಿಂದ ಕಂಡದ್ದು.

ಮೊದಲು ಯಾರು ಸಿಗುತ್ತಾರೆ ನೋಡಿ. ಹತ್ತಿರ ಇದ್ದವರು. ಹಾಸ್ಟೆಲ್ ಹುಡುಗ ಹುಡುಗಿಯರು ಸಿಗುತ್ತಾರೆ. ಧಾರವಾಡದ ಸಪ್ತಾಪುರ, ಜಯನಗರದ ರೂಮುಗಳಲ್ಲಿ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವವರು ಸಿಗುತ್ತಾರೆ. ರಾತ್ರಿ ಹತ್ತು ಗಂಟೆಗೆ ವಾಟ್ಸಾಪ್ ಗ್ರೂಪಿನಲ್ಲಿ ಗೂಗಲ್ ಫಾರ್ಮ್ ಬರುತ್ತದೆ, "ಪ್ಲೀಸ್ ಫಿಲ್ ಮಾಡಿ, ಎರಡೇ ನಿಮಿಷ, ನಾಳೆ ಗೈಡ್‌ಗೆ ತೋರಿಸಬೇಕು" ಅಂತ. ಗೆಳೆಯ ತುಂಬುತ್ತಾನೆ, ಗೆಳೆಯನ ರೂಮ್‌ಮೇಟ್ ತುಂಬುತ್ತಾನೆ. ಬೆಳಿಗ್ಗೆ ನೂರು ಉತ್ತರ ಬಂದಿರುತ್ತವೆ. ಆಮೇಲೆ ಪ್ರಬಂಧದ ಮೇಲೆ 'ಉತ್ತರ ಕರ್ನಾಟಕದ ಯುವಜನರ ಮನೋಭಾವ' ಅಂತ ಹೆಸರು ಬೀಳುತ್ತದೆ. ಆ ನೂರರಲ್ಲಿ ಹೊಲಕ್ಕೆ ಹೋಗುವ ಹುಡುಗ ಇಲ್ಲ. ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿ ಇಲ್ಲ. ಹತ್ತೊಂಬತ್ತಕ್ಕೆ ಮದುವೆಯಾಗಿ ಕೂಸು ಎತ್ತಿಕೊಂಡವಳು ಅಂತೂ ಇಲ್ಲವೇ ಇಲ್ಲ.

ಇದು ನಮ್ಮ ಊರಿನ ರೋಗ ಮಾತ್ರ ಅಲ್ಲ. 2010ರಲ್ಲಿ ಕೆನಡಾದ ಮೂವರು ಸಂಶೋಧಕರು ಒಂದು ದೊಡ್ಡ ಲೇಖನ ಬರೆದರು. ಮನಃಶಾಸ್ತ್ರದ ಮುಖ್ಯ ಪತ್ರಿಕೆಗಳಲ್ಲಿ ಬಂದ ಅಧ್ಯಯನಗಳಲ್ಲಿ ಪಾಲ್ಗೊಂಡವರಲ್ಲಿ ನೂರಕ್ಕೆ 96 ಮಂದಿ ಪಶ್ಚಿಮದ ಶ್ರೀಮಂತ ದೇಶಗಳವರು. ಆ ದೇಶಗಳ ಜನಸಂಖ್ಯೆಯೋ, ಜಗತ್ತಿನ ನೂರಕ್ಕೆ 12 ಮಾತ್ರ. ಅವರಲ್ಲೂ ಬಹಳ ಮಂದಿ ಕಾಲೇಜು ವಿದ್ಯಾರ್ಥಿಗಳು. ಅವರ ಮೇಲೆ ಕಂಡದ್ದನ್ನು 'ಮನುಷ್ಯನ ಮನಸ್ಸು ಹೀಗೆ' ಅಂತ ಪುಸ್ತಕದಲ್ಲಿ ಬರೆದರು. ನಾವು ಇಲ್ಲಿ ಅದನ್ನೇ ಓದಿ ಪಾಸಾಗುತ್ತೇವೆ.

ಇನ್ನೂ ಹಳೆಯ ಕಥೆ ಒಂದಿದೆ. 1936ರಲ್ಲಿ ಅಮೆರಿಕದ ಅಧ್ಯಕ್ಷರ ಚುನಾವಣೆಗೆ ಮೊದಲು ಲಿಟರರಿ ಡೈಜೆಸ್ಟ್ ಅನ್ನುವ ಪತ್ರಿಕೆ ಸುಮಾರು ಒಂದು ಕೋಟಿ ಜನಕ್ಕೆ ಕಾರ್ಡು ಕಳಿಸಿತು. 20 ಲಕ್ಷಕ್ಕೂ ಜಾಸ್ತಿ ಕಾರ್ಡು ತುಂಬಿ ವಾಪಸ್ ಬಂದವು. ಅದನ್ನು ಎಣಿಸಿ, ರೂಸ್‌ವೆಲ್ಟ್ ಎದುರು ನಿಂತಿದ್ದ ಲ್ಯಾಂಡನ್ ಗೆಲ್ಲುತ್ತಾನೆ ಅಂತ ಪತ್ರಿಕೆ ಹೇಳಿತು. ಆಗಿದ್ದ 48 ರಾಜ್ಯಗಳಲ್ಲಿ 46ರಲ್ಲಿ ಗೆದ್ದದ್ದು ರೂಸ್‌ವೆಲ್ಟ್. ಟೆಲಿಫೋನು, ಕಾರು ಇದ್ದವರ ಪಟ್ಟಿ ನೋಡಿ ಕಾರ್ಡು ಕಳಿಸಿದ್ದರು. ಅವರಲ್ಲೂ ಬರೆಯುವ ಉಮೇದು ಇದ್ದವರು ಮಾತ್ರ ತಿರುಗಿ ಬರೆದರು. ಲಕ್ಷಗಟ್ಟಲೆ ಜನ ಸೇರಿದರೂ ತಪ್ಪು ಜನ ಸೇರಿದರೆ ಉಪಯೋಗ ಇಲ್ಲ.

ಹಾಗಾದರೆ ಹಳ್ಳಿಗೆ ಹೋಗೋಣ ಅಂತ ಒಳ್ಳೆಯ ಗೈಡ್ ಹೇಳುತ್ತಾರೆ. ಸರಿಯಾದ ಮಾತು. ಅಲ್ಲಿಂದಲೇ ಎರಡನೇ ತೊಂದರೆ ಶುರುವಾಗುತ್ತದೆ.

ಹಳ್ಳಿಗೆ ಸುಮ್ನೆ ಹೋಗಿ ಬಾಗಿಲು ಬಡಿಯಲು ಆಗುವುದಿಲ್ಲ. ಪಂಚಾಯ್ತಿಗೆ ಹೇಳಬೇಕು, ಪಿಡಿಒ ಅವರನ್ನು ನೋಡಬೇಕು. ಆಶಾ ಅಕ್ಕಾರು ಅಥವಾ ಅಂಗನವಾಡಿ ಟೀಚರ್ ಜೊತೆಗೆ ಬರುತ್ತಾರೆ. ಶಾಲೆಯಾದರೆ ಹೆಡ್ ಮಾಸ್ಟರು. ಇವರೆಲ್ಲ ಒಳ್ಳೆಯವರೇ. ಇವರಿಲ್ಲದೆ ನಮ್ಮ ಕೆಲಸ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಆದರೆ ಊರ ಹೆಣ್ಣುಮಗಳ ಕಡೆಯಿಂದ ನೋಡಿ. ಆಶಾ ಅಕ್ಕಾರ ಮಾತಿಗೆ ಒಲ್ಲೆ ಅನ್ನುವುದು ಹೇಗೆ? ನಾಳೆ ಮಗಳ ಹೆರಿಗೆಗೆ ಆಂಬ್ಯುಲೆನ್ಸ್‌ಗೆ ಫೋನ್ ಮಾಡುವವಳು ಅವಳೇ. ಪಂಚಾಯ್ತಿ ಮೆಂಬರ್ ಜೊತೆಯಲ್ಲಿ ನಿಂತಿದ್ದರೆ? ಮನೆ ಮಂಜೂರಿಯ ಪಟ್ಟಿಯಲ್ಲಿ ಹೆಸರು ಬರಬೇಕಲ್ವಾ. ಹೆಡ್ ಮಾಸ್ಟರು ಕ್ಲಾಸಿಗೆ ಬಂದು "ಎಲ್ಲರೂ ತುಂಬಿ ಕೊಡ್ರಿ" ಅಂದರೆ ಯಾವ ಹುಡುಗ ಕೈ ಎತ್ತಿ "ನಾ ತುಂಬಂಗಿಲ್ರಿ ಸರ್" ಅಂದಾನು?

ಈ ತೊಂದರೆ ಎಲ್ಲಿಗೆ ಮುಟ್ಟಬಹುದು ಅನ್ನುವುದಕ್ಕೆ ನಮ್ಮ ದೇಶದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಹತ್ತರಿಂದ ಹದಿನಾಲ್ಕು ವರ್ಷದ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕುವ ಅಧ್ಯಯನ ಶುರುವಾಯಿತು. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ ಅದು. 20 ಸಾವಿರಕ್ಕೂ ಜಾಸ್ತಿ ಹುಡುಗಿಯರು. ಬಹಳ ಮಂದಿ ಬಡವರ ಮಕ್ಕಳು, ಬುಡಕಟ್ಟಿನ ಮಕ್ಕಳು, ಹಾಸ್ಟೆಲ್‌ನಲ್ಲಿದ್ದವರು. 2010ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ನಡುವೆ ಕೆಲವು ಹುಡುಗಿಯರು ತೀರಿಕೊಂಡಿದ್ದರು. ಆ ಸಾವುಗಳಿಗೆ ಲಸಿಕೆ ಕಾರಣ ಅಂತ ತನಿಖೆಯಲ್ಲಿ ಕಂಡುಬರಲಿಲ್ಲ. ಲಸಿಕೆ ಕೂಡ ಕೆಟ್ಟದ್ದಲ್ಲ, ಇವತ್ತು ಎಷ್ಟೋ ದೇಶಗಳಲ್ಲಿ ಕೊಡುತ್ತಾರೆ. ತಪ್ಪು ಬೇರೆ ಕಡೆ ಇತ್ತು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ವರದಿ ಕೊಟ್ಟಾಗ ಒಪ್ಪಿಗೆ ಪತ್ರಗಳ ಲೆಕ್ಕ ಹೊರಗೆ ಬಂತು. ಆಂಧ್ರದ 9,543 ಪತ್ರಗಳಲ್ಲಿ 2,763ಕ್ಕೆ ಸಹಿ ಮಾಡಿದ್ದವರು ಹಾಸ್ಟೆಲ್ ವಾರ್ಡನ್‌ಗಳು. ತಾಯಿ ಅಲ್ಲ, ತಂದೆ ಅಲ್ಲ. ಹುಡುಗಿಯನ್ನಂತೂ ಯಾರು ಕೇಳುತ್ತಾರೆ?

ಆ ಸಂಖ್ಯೆ ಓದಿದಾಗ ನನಗೆ ನಮ್ಮ ಸೀಮೆಯ ಹಾಸ್ಟೆಲ್‌ಗಳು ಕಣ್ಣ ಮುಂದೆ ಬಂದವು. ವಾರ್ಡನ್ ಮೇಡಂ ಒಂದು ಮಾತು ಹೇಳಿದರೆ ಸಾಲಾಗಿ ಬಂದು ನಿಲ್ಲುವ ಹುಡುಗಿಯರು. ಅವರು ಸಾಲಾಗಿ ನಿಲ್ಲುವುದನ್ನೇ ನಾವು 'ಸ್ವಯಂಪ್ರೇರಿತ' ಅಂತ ಬರೆದುಕೊಳ್ಳುತ್ತೇವೆ.

ನಿಯಮ ಇಲ್ಲ ಅಂತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಹೊರತಂದ ಮಾರ್ಗಸೂಚಿ ಬಹಳ ಚೆನ್ನಾಗಿದೆ. ಜನರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಓದಲು ಬಾರದವರಾದರೆ ಅಧ್ಯಯನಕ್ಕೆ ಸಂಬಂಧವೇ ಇಲ್ಲದ ಒಬ್ಬ ಸಾಕ್ಷಿಯ ಮುಂದೆ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು. ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು, ಅದರಿಂದ ಚಿಕಿತ್ಸೆಗೆ ತೊಂದರೆ ಆಗಬಾರದು. ಊರ ಹಿರಿಯರು ಹೂಂ ಅಂದರೂ ಒಬ್ಬೊಬ್ಬರನ್ನೂ ಬೇರೆ ಕೇಳಬೇಕು. ಮಕ್ಕಳಾದರೆ ತಂದೆತಾಯಿಯ ಒಪ್ಪಿಗೆ ಸಾಲದು. ಏಳರಿಂದ ಹನ್ನೆರಡು ವರ್ಷದವರನ್ನು ಬಾಯಿಮಾತಿನಲ್ಲಿ ಕೇಳಬೇಕು, ಅದಕ್ಕಿಂತ ದೊಡ್ಡವರಿಂದ ಬರೆಸಿಕೊಳ್ಳಬೇಕು. ಅಧ್ಯಯನದಲ್ಲಿ ಜನರಿಗೆ ಅನ್ಯಾಯ ಆಗದಂತೆ ನೋಡಿ ಒಪ್ಪಿಗೆ ಕೊಡುವ ನೈತಿಕ ಸಮಿತಿಯಲ್ಲಿ ಡಾಕ್ಟರು ಪ್ರೊಫೆಸರು ಮಾತ್ರ ಇದ್ದರೆ ಸಾಲದು, ಒಬ್ಬರಾದರೂ ಸಾಮಾನ್ಯ ಜನ ಕೂತಿರಬೇಕು. ಏಳು ವರ್ಷದ ಮಗುವನ್ನೂ ಕೇಳಬೇಕು ಅನ್ನುವ ಮಾತು ನನಗೆ ಬಹಳ ಸೇರಿತು.

ನಿಯಮಕ್ಕೂ ಕಟ್ಟೆಗೂ ನಡುವೆ ಏನಾಗುತ್ತದೆ ಅನ್ನುವುದೇ ಪ್ರಶ್ನೆ.

ನವಲಗುಂದ ಕಡೆಯ ಒಂದು ಊರಿನ ಮಾತು. ಮಧ್ಯಾಹ್ನ. ಅಜ್ಜಿ ಒಬ್ಬಳು ಮೊರದಲ್ಲಿ ಕಡಲೆ ಹಸನು ಮಾಡುತ್ತ ಕೂತಿದ್ದಳು. "ಬರ್ರಿ ಅಕ್ಕಾರ, ಕುಂದರ್ರಿ. ಚಾ ಮಾಡಿಸ್ಲಿ?" ಅಂದಳು. ನಾನು ಚೀಲದಿಂದ ಕಾಗದ ತೆಗೆದೆ. ಅವಳ ಮುಖ ಸ್ವಲ್ಪ ಬಿಗಿಯಾಯಿತು. "ಮನಿ ಕಟ್ಟಿಸಿ ಕೊಡ್ತಾರೇನ್ರಿ?" "ಇಲ್ಲ ಅಜ್ಜಿ, ಸರ್ಕಾರದ್ದಲ್ಲ. ಯುನಿವರ್ಸಿಟಿಯಿಂದ. ಏನೂ ಕೊಡೂದಿಲ್ಲ, ಏನೂ ಕಸಗೊಳ್ಳೂದೂ ಇಲ್ಲ. ಬರೇ ತಿಳ್ಕೊಳ್ಳಾಕ ಬಂದೀವಿ." ಅವಳು ಮೊರ ಎರಡು ಸಲ ಕೇರಿದಳು. ಹೊಟ್ಟು ಹಾರಿತು. "ನಾ ಹೇಳಿದ್ರ ನಿಮಗೇನ್ ಸಿಗತೈತಿ?" ಅಂದಳು.

ಇಂಥ ಪ್ರಶ್ನೆ ಯಾವ ನೈತಿಕ ಸಮಿತಿಯೂ ನನ್ನ ಮುಂದೆ ಕೇಳಿಲ್ಲ. ನಾನು ನಿಜ ಹೇಳಿದೆ. ನನಗೆ ದಿನಗೂಲಿ, ಈ ಅಧ್ಯಯನ ಮಾಡುವ ಮೇಡಂ ಅವರಿಗೆ ಪಿಎಚ್‌.ಡಿ. "ಹಂಗಾದ್ರ ನಮಗ?" "ನಿಮಗ ಈಗ ಏನೂ ಇಲ್ಲ ಅಜ್ಜಿ. ಮುಂದ ಇಂಥ ಊರಿಗೆ ಏನ್ ಮಾಡಬೇಕು ಅಂತ ಗೊತ್ತಾದ್ರ ಅದ ಲಾಭ." ಅವಳು ನಕ್ಕಳು. "ನಾಳೆ ಬರ್ರಿ" ಅಂದಳು.

ನಮ್ಮ ಕಡೆ ಮನೆಗೆ ಬಂದವರ ಮುಖದ ಮೇಲೆ ಯಾರೂ ಒಲ್ಲೆ ಅನ್ನುವುದಿಲ್ಲ. "ನಾಳೆ ಬರ್ರಿ" ಅನ್ನುತ್ತಾರೆ. "ನಮ್ಮ ಯಜಮಾನ್ರನ್ನ ಕೇಳ್ರಿ" ಅನ್ನುತ್ತಾರೆ. ಇಲ್ಲ, ಒಳಗೆ ಹೋಗಿ ಚಾ ಇಡುತ್ತಾರೆ, ಹೊರಗೆ ಬರುವುದೇ ಇಲ್ಲ. ಇವೆಲ್ಲ ಒಲ್ಲೆ ಅಂತಲೇ ತಿಳಿಯಬೇಕು. ಆದರೆ ಹೊಸ ಹುಡುಗರು ಮರುದಿನ ಮತ್ತೆ ಹೋಗುತ್ತಾರೆ. ಮೂರನೇ ದಿನ ಆಶಾ ಅಕ್ಕಾರನ್ನು ಕರೆದುಕೊಂಡು ಹೋಗುತ್ತಾರೆ. ಆಗ ಮನೆಯವರು ಸಾಕಾಗಿ "ಹೂಂ, ಬರಕೊಳ್ರಿ" ಅನ್ನುತ್ತಾರೆ. ಆ ಹೂಂ ಒಪ್ಪಿಗೆ ಅಲ್ಲ. ಇವರು ಹೋದರೆ ಸಾಕು ಅನ್ನುವ ಹೂಂ. ಅಲ್ಲಿಂದ ಮುಂದೆ ಬರುವ ಉತ್ತರಗಳೂ ಹಾಗೇ. ಎಲ್ಲಕ್ಕೂ "ಹೌದ್ರಿ", "ಛಲೋ ಐತ್ರಿ". ನೀರು ಛಲೋ, ರಸ್ತೆ ಛಲೋ, ದವಾಖಾನೆ ಛಲೋ. ಎದುರಿಗೆ ಗಟಾರು ತುಂಬಿ ಹರಿಯುತ್ತಿರುತ್ತದೆ. ಅದನ್ನೇ ಕಂಪ್ಯೂಟರ್‌ಗೆ ಹಾಕಿ ಟೇಬಲ್ ಮಾಡುತ್ತಾರೆ. ಬಲವಂತದ ಒಪ್ಪಿಗೆ ಜನರಿಗೆ ಅನ್ಯಾಯ ಅಷ್ಟೇ ಅಲ್ಲ, ಸಂಶೋಧನೆಯನ್ನೂ ಹಾಳು ಮಾಡುತ್ತದೆ.

ನಾನು ಕೆಲಸಕ್ಕೆ ಹೋಗುವ ತಂಡಗಳಲ್ಲಿ ಈಗ ಒಂದು ಪದ್ಧತಿ ಮಾಡಿಸಿದ್ದೇನೆ. ಆಶಾ ಅಕ್ಕಾರು ಪರಿಚಯ ಮಾಡಿಸಿ ಮುಂದಿನ ಮನೆಗೆ ಹೋಗಬೇಕು, ಒಪ್ಪಿಗೆ ಕೇಳುವಾಗ ಪಕ್ಕದಲ್ಲಿ ನಿಲ್ಲಬಾರದು. "ನಾಳೆ ಬರ್ರಿ" ಅಂದ ಮನೆಗೆ ನಾವಾಗಿ ಎರಡನೇ ಸಲ ಹೋಗುವುದಿಲ್ಲ. ಊರ ಗುಡಿ ಕಟ್ಟೆ ಮೇಲೆ ಸಂಜೆ ತನಕ ಕೂತಿರುತ್ತೇವೆ ಅಂತ ಹೇಳಿ ಬರುತ್ತೇವೆ. ಮನಸ್ಸಿದ್ದವರು ತಾವೇ ಬರುತ್ತಾರೆ. ಆ ಅಜ್ಜಿ ಬಂದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೊಮ್ಮಗಳ ಕೈ ಹಿಡಿದುಕೊಂಡು ಬಂದು, "ಏನ್ ಕೇಳ್ತೀರಿ ಕೇಳ್ರಿ ಈಗ" ಅಂತ ಕೂತಳು. ಅವಳು ಹೇಳಿದಷ್ಟು ವಿಷಯ ಆ ಊರಲ್ಲಿ ಬೇರೆ ಯಾರೂ ಹೇಳಲಿಲ್ಲ. ಹಾಗೆ ಬರದೇ ಇದ್ದವರೂ ಬಹಳ ಮಂದಿ. ಸ್ಯಾಂಪಲ್ ಕಡಿಮೆ ಬಿತ್ತು ಅಂತ ಗೈಡ್ ಸಿಟ್ಟಾಗುತ್ತಾರೆ. ಎಷ್ಟು ಜನ ಒಲ್ಲೆ ಅಂದರು ಅನ್ನುವುದನ್ನೂ ಬರೆಯಿರಿ ಮೇಡಂ ಅಂತ ನಾನು ಹೇಳುತ್ತೇನೆ. ಯಾವ ಓಣಿಯವರು ಬರಲಿಲ್ಲ, ಯಾವ ವಯಸ್ಸಿನವರು ಬರಲಿಲ್ಲ, ಅದೂ ಒಂದು ಮಾಹಿತಿಯೇ. ಪ್ರಬಂಧದಲ್ಲಿ ಅದನ್ನು ಮುಚ್ಚಿಡುವುದು ನನಗೆ ಒಪ್ಪಿಗೆ ಇಲ್ಲ.

ಹೊತ್ತಿನ ಮಾತೂ ಇದೆ. ಪ್ರಾಜೆಕ್ಟ್‌ಗಳು ಜನವರಿಯಿಂದ ಏಪ್ರಿಲ್ ನಡುವೆ ಓಡುತ್ತವೆ, ಪರೀಕ್ಷೆಯ ವೇಳಾಪಟ್ಟಿ ಹಾಗಿದೆ. ಎರಿ ಸೀಮೆಯಲ್ಲಿ, ಅಂದರೆ ಕಪ್ಪು ಮಣ್ಣಿನ ಕಡೆ, ಅದೇ ಕಡಲೆ, ಜೋಳದ ಸುಗ್ಗಿ. ಮುಂಜಾನೆ ಹತ್ತಕ್ಕೆ ಊರಿಗೆ ಹೋದರೆ ಸಿಗುವವರು ವಯಸ್ಸಾದವರು, ಕಾಯಿಲೆಯವರು, ಬಾಣಂತಿಯರು. ದುಡಿಯುವ ಶಕ್ತಿ ಇದ್ದವರೆಲ್ಲ ಹೊಲದಲ್ಲಿ. ಆಮೇಲೆ 'ಗ್ರಾಮೀಣ ಜನರ ಆರೋಗ್ಯ ಬಹಳ ಕೆಟ್ಟಿದೆ' ಅಂತ ಬರೆಯುತ್ತಾರೆ. ಸೋಮವಾರ ಎತ್ತು ಹೂಡದ ಪದ್ಧತಿ ಇನ್ನೂ ಇರುವ ಊರುಗಳಿವೆ. ಅಮಾವಾಸ್ಯೆ ದಿನ ಬೇಸಾಯಕ್ಕೆ ಬಿಡುವು. ಅಂಥ ದಿನ ಹೋದರೆ ಗಂಡಸರು ಕಟ್ಟೆಗೆ ಸಿಗುತ್ತಾರೆ. ಹೆಂಗಸರಿಗೆ ಯಾವ ದಿನವೂ ಬಿಡುವಿಲ್ಲ, ರೊಟ್ಟಿ ಬಡಿಯುತ್ತಲೇ ಉತ್ತರ ಹೇಳುತ್ತಾರೆ. ಅವರಿಗೆ ಇಪ್ಪತ್ತು ನಿಮಿಷಕ್ಕಿಂತ ಉದ್ದದ ಪ್ರಶ್ನಾವಳಿ ಹಿಡಿದುಕೊಂಡು ಹೋಗುವುದೇ ತಪ್ಪು.

ಹಣದ ವಿಷಯ ಮಾತಾಡಲು ನಮ್ಮ ಸಂಶೋಧಕರಿಗೆ ಸಂಕೋಚ ಜಾಸ್ತಿ. ಹಣ ಕೊಟ್ಟರೆ ಆಸೆ ತೋರಿಸಿದಂತೆ ಆಗುತ್ತದೆ ಅನ್ನುತ್ತಾರೆ. ಅಪಾಯ ಇರುವ ಪರೀಕ್ಷೆಗೆ ದೊಡ್ಡ ಮೊತ್ತ ತೋರಿಸಿ ಬಡವರನ್ನು ಎಳೆಯುವುದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೋಗಿಬರುವ ಖರ್ಚು, ಕಳೆದುಹೋದ ಕೂಲಿ ಕೊಡುವುದನ್ನು ಐಸಿಎಂಆರ್ ಕೂಡ ಬೇಡ ಅಂದಿಲ್ಲ, ಕೊಡಿ ಅಂತಲೇ ಹೇಳುತ್ತದೆ. 2025-26ರಲ್ಲಿ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಬರಿಹೊಟ್ಟೆಯಲ್ಲಿ ಬಂದು ರಕ್ತ ಕೊಡಿ ಅಂತ ಒಬ್ಬ ಹೆಣ್ಣುಮಗಳನ್ನು ತಾಲ್ಲೂಕು ಊರಿಗೆ ಕರೆಸಿದರೆ ಅವಳ ಅರ್ಧ ದಿನ ಹೋಯಿತು. ಹೊಲದಲ್ಲಿ ಅರ್ಧ ದಿನದ ಆಳಿಗೆ ಯಾರೂ ಕರೆಯುವುದಿಲ್ಲ, ಅಂದರೆ ಇಡೀ ದಿನವೇ ಹೋಯಿತು. ಅದಕ್ಕೆ ಒಂದು ಬಿಸ್ಕೆಟ್ ಪುಡಕೆ ಕೊಟ್ಟು ಕಳಿಸುವುದನ್ನು ನೋಡಿದ್ದೇನೆ. ಸಂಶೋಧನೆಯ ಬಜೆಟ್‌ನಲ್ಲಿ ಲ್ಯಾಪ್‌ಟಾಪ್‌ಗೆ ಹಣ ಇರುತ್ತದೆ, ಸೆಮಿನಾರಿಗೆ ಹೋಗಲು ಹಣ ಇರುತ್ತದೆ. ಕೂಲಿ ಬಿಟ್ಟು ಬಂದವಳಿಗೆ ಇರುವುದಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗುವುದು ಬೇರೆ ವಿಷಯಕ್ಕೆ. ತೆಗೆದುಕೊಂಡು ಹೋದದ್ದನ್ನು ವಾಪಸ್ ಹೇಳುವುದಿಲ್ಲ ನಾವು.

ಗದಗ ಜಿಲ್ಲೆಯ ಒಂದು ಊರಲ್ಲಿ ಒಬ್ಬ ಹೆಣ್ಣುಮಗಳು ನನ್ನ ಬ್ಯಾಡ್ಜ್ ನೋಡಿ ಬಾಗಿಲಲ್ಲೇ ನಿಂತಳು. ಮೂವತ್ತರ ಆಸುಪಾಸು ಇರಬೇಕು, ಕಣ್ಣ ಕೆಳಗಿನ ರೆಪ್ಪೆ ಬಿಳಚಿತ್ತು. "ಹೋದ ವರ್ಷ ಕಾಲೇಜಿನವರು ಬಂದಿದ್ರು. ಎಲ್ಲಾರದೂ ರಕ್ತ ತಗೊಂಡು ಹೋದ್ರು. ನಂದು ಏನಂತ ಬಂತ್ರಿ?" ನಮ್ಮ ತಂಡ ಬೇರೆ, ಅವರದು ಬೇರೆ. ಅವಳಿಗೆ ಅದು ಹೇಗೆ ಗೊತ್ತಾಗಬೇಕು? ಕಾಗದ ಹಿಡಿದುಕೊಂಡು ಬರುವವರೆಲ್ಲ ಒಂದೇ ಮನೆಯವರು ಅವಳ ಪಾಲಿಗೆ. ಆ ಅಧ್ಯಯನ ಮುಗಿದು, ಪ್ರಬಂಧ ಬೈಂಡ್ ಆಗಿ, ಲೈಬ್ರರಿಯ ಕಪಾಟು ಸೇರಿರಬೇಕು. 'ರಕ್ತಹೀನತೆ ಇರುವವರು ನೂರಕ್ಕೆ ಇಷ್ಟು' ಅನ್ನುವ ಸಾಲಿನಲ್ಲಿ ಅವಳೂ ಇರಬೇಕು. ಅವಳಿಗೆ ಮಾತ್ರ ಒಂದು ಚೀಟಿ ಸಿಗಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಈ ಲೆಕ್ಕ ನಮಗೆ ಸಿಕ್ಕಿದ್ದು ಇಂಥವರು ಬೆರಳು ಮುಂದೆ ಚಾಚಿದ್ದರಿಂದ. ಕಬ್ಬಿಣದ ಮಾತ್ರೆ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುತ್ತದೆ. "ಅಕ್ಕಾ, ನಿಂದು ಕಡಿಮೆ ಐತಿ, ನಾಳೆನೇ ಹೋಗು" ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವತ್ತು ನಮ್ಮ ಪ್ರಶ್ನೆಗಳನ್ನು ಬದಿಗಿಟ್ಟು ಅವಳನ್ನು ಆರೋಗ್ಯ ಉಪಕೇಂದ್ರಕ್ಕೆ ಕರೆದುಕೊಂಡು ಹೋದೆವು.

ಇದೇ ಜನ ಕೃಷಿ ವಿಶ್ವವಿದ್ಯಾಲಯದವರಿಗೆ ಹೊಲದ ಒಂದು ಮೂಲೆ ಬಿಟ್ಟುಕೊಡುತ್ತಾರೆ. ಹೊಸ ತಳಿಯ ಪ್ರಾತ್ಯಕ್ಷಿಕೆ ಹಾಕೋಣ ಅಂದರೆ ರೈತ ಹಿಂದೆ ಮುಂದೆ ನೋಡಿ ಕೊನೆಗೆ ಹೂಂ ಅನ್ನುತ್ತಾನೆ. ಸೆಪ್ಟೆಂಬರ್‌ನ ಕೃಷಿ ಮೇಳಕ್ಕೆ ದೂರ ದೂರದಿಂದ ಟ್ರ್ಯಾಕ್ಟರ್, ಟೆಂಪೋ ಮಾಡಿಕೊಂಡು ಬರುತ್ತಾರೆ. 1972ರಲ್ಲಿ ಧಾರವಾಡದಿಂದ ಬಂದ ವರಲಕ್ಷ್ಮಿ ಹತ್ತಿಯ ಹೆಸರು ಇವತ್ತಿಗೂ ಹಿರಿಯ ರೈತರ ಬಾಯಲ್ಲಿದೆ. ಪ್ರಯೋಗ ಅಂದರೆ ನಮ್ಮ ಜನಕ್ಕೆ ಹೆದರಿಕೆ, ಅವರಿಗೆ ವಿಜ್ಞಾನ ತಿಳಿಯುವುದಿಲ್ಲ ಅನ್ನುವವರು ಇದನ್ನು ನೋಡಬೇಕು. ಹೊಲದಲ್ಲಿ ಹಾಕಿದ ಪ್ರಯೋಗದ ಫಲಿತಾಂಶ ರೈತನ ಕಣ್ಣ ಮುಂದೆಯೇ ಬೆಳೆಯುತ್ತದೆ. ಚೆನ್ನಾಗಿ ಬಂತೋ ಇಲ್ಲವೋ, ಯಾರ ವರದಿಗೂ ಅವನು ಕಾಯಬೇಕಿಲ್ಲ. ನಮ್ಮ ಸರ್ವೇಯಲ್ಲಿ ಎಲ್ಲವೂ ಚೀಲ ಸೇರಿ ಊರು ಬಿಡುತ್ತದೆ.

ಮುಂಡರಗಿ ಕಡೆ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ವರ್ಷಗಟ್ಟಲೆ ಅದೇ ನೀರು ಕುಡಿದವರಿಗೆ ಎಲುಬು ಕೀಲು ಹಿಡಿದುಕೊಳ್ಳುತ್ತದೆ. ಇಂಥ ತೊಂದರೆ ಎಲ್ಲಿ ಎಷ್ಟಿದೆ ಅಂತ ಗೊತ್ತಾಗುವುದು ಜನ ಬಾಯಿ ತೆರೆದು ಹಲ್ಲು ತೋರಿಸಿದರೆ, ಮನೆಯ ಕೊಡದಲ್ಲಿನ ನೀರನ್ನು ಬಾಟಲಿಗೆ ತುಂಬಿ ಕೊಟ್ಟರೆ. ಸಂಶೋಧನೆ ಬೇಡ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಬೇಕೇ ಬೇಕು. ಬೇಕಾದ್ದರಿಂದಲೇ ಜನರ ಜೊತೆ ಸರಿಯಾಗಿ ನಡೆದುಕೊಳ್ಳಬೇಕು. ಒಂದು ತಂಡ ಒರಟಾಗಿ ನಡೆದುಕೊಂಡರೆ ಆ ಊರಿನ ಬಾಗಿಲು ಮುಂದಿನ ಹತ್ತು ತಂಡಗಳಿಗೆ ಮುಚ್ಚುತ್ತದೆ. ಅವುಗಳಲ್ಲಿ ಒಂದು ನಿಜವಾಗಿ ಊರಿಗೆ ಬೇಕಾದ ಅಧ್ಯಯನ ಆಗಿರಬಹುದು.

ಮೊನ್ನೆ ಪಾವಟೆ ನಗರದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಒಂದು ವಿಭಾಗದಲ್ಲಿ ಹುಡುಗಿಯೊಬ್ಬಳು ತನ್ನ ನೋಟಿಸ್ ತೋರಿಸಿದಳು. ಬೋರ್ಡಿಗೆ ಹಾಕಲು ಬರೆದದ್ದು, 'ಅಧ್ಯಯನಕ್ಕೆ ಸ್ವಯಂಸೇವಕರು ಬೇಕಾಗಿದ್ದಾರೆ' ಅಂತ. ಕೆಳಗೆ ಫೋನ್ ನಂಬರ್, ಅಷ್ಟೇ. ಎಷ್ಟು ಹೊತ್ತು ಹಿಡಿಯುತ್ತದೆ, ರಕ್ತ ತೆಗೆಯುತ್ತೀರೋ ಬರೀ ಪ್ರಶ್ನೆಯೋ, ಹೆಸರು ಎಲ್ಲಿ ಇಡುತ್ತೀರಿ, ಯಾರು ನೋಡುತ್ತಾರೆ, ಬಸ್ ಚಾರ್ಜ್ ಕೊಡುತ್ತೀರಾ, ಫಲಿತಾಂಶ ಯಾವಾಗ ಹೇಳುತ್ತೀರಿ, ಇವನ್ನೆಲ್ಲ ಬರೆ ಅಂದೆ. ನಡುವೆ ಬಿಟ್ಟು ಹೋಗಬಹುದು ಅನ್ನುವುದನ್ನು ದೊಡ್ಡ ಅಕ್ಷರದಲ್ಲಿ ಬರೆ ಅಂದೆ. "ಹಂಗ ಬರದ್ರ ಯಾರೂ ಬರಂಗಿಲ್ಲ ಅಕ್ಕಾ" ಅಂದಳು. ಬರುತ್ತಾರೆ, ಕಡಿಮೆ ಬರುತ್ತಾರೆ, ಆದರೆ ಬಂದವರು ಕೊನೆಯ ತನಕ ಇರುತ್ತಾರೆ ಅಂದೆ. ನಿಮ್ಮ ಮೇಡಂ ಕ್ಲಾಸಿನಲ್ಲಿ ಬಂದು ಹೇಳಿ ತುಂಬಿಸುವುದು ಬೇಡ, ಅವರ ಕೈಯಲ್ಲಿ ಆ ಮಕ್ಕಳ ಇಂಟರ್ನಲ್ ಮಾರ್ಕ್ಸ್ ಇದೆ ಅಂತಲೂ ಹೇಳಿದೆ. ಅವಳು ಅದನ್ನು ಯೋಚನೆ ಮಾಡಿರಲಿಲ್ಲ. ನೋಟಿಸ್ ಮತ್ತೆ ಬರೆದು ಫೋಟೋ ಕಳಿಸಿದ್ದಾಳೆ. ಚೆನ್ನಾಗಿದೆ.

ಬರುವ ತಿಂಗಳು ನಾವೊಂದು ಹೊಸ ಅಧ್ಯಯನಕ್ಕೆ ಕುಂದಗೋಳ ಕಡೆ ಹೊರಡಬೇಕು. ಖರ್ಚಿನ ಪಟ್ಟಿಯಲ್ಲಿ ಬರುವವರ ಒಂದು ದಿನದ ಕೂಲಿ ಬರೆಸಿದ್ದೇವೆ, ಗೈಡ್ ಒಪ್ಪಿದ್ದಾರೆ. ಎಲ್ಲ ಮುಗಿದ ಮೇಲೆ ಅದೇ ಊರುಗಳಿಗೆ ಮತ್ತೊಮ್ಮೆ ಹೋಗಿ, ಗುಡಿ ಮುಂದೆ ಜನರನ್ನು ಕೂಡಿಸಿ, ಏನು ತಿಳಿಯಿತು ಅಂತ ಹೇಳಿ ಬರಲು ಗಾಡಿ ಬಾಡಿಗೆಯನ್ನೂ ಸೇರಿಸಿ ಅಂತ ಕೇಳಿದ್ದೇನೆ. ಅದಕ್ಕೆ ಇನ್ನೂ ಸಹಿ ಬಿದ್ದಿಲ್ಲ. ಸೋಮವಾರ ಮತ್ತೆ ಹೋಗಿ ಕೇಳುತ್ತೇನೆ.